ಕರೆಂಟ್ ಬೈಕಿಗೆ ಸರ್ಕಾರ ಎಷ್ಟು ಕೊಡ್ತದೆ, ಎಷ್ಟು ಬಿಡ್ತದೆ

ಎರಡು ಸಂಚಿಕೆ ಹಿಂದೆ ಇದೇ ಅಂಕಣದಲ್ಲಿ ಸ್ಕೂಟರ್ ಸಾಲದ ಬಗ್ಗೆ ಒಬ್ರು ಕೇಳಿದ್ದಕ್ಕೆ ಉತ್ತರ ಬರೀತಾ ಕೊನೇಲಿ "ಎಲೆಕ್ಟ್ರಿಕ್ ತಗೊಂಡ್ರೆ ಲೆಕ್ಕ ಬೇರೆ" ಅಂತ ಒಂದು ಸಾಲು ಸೇರಿಸಿ ಬಿಟ್ಟಿದ್ದೆ. ಅಷ್ಟಕ್ಕೇ ಮಾಜಾಳಿಯಿಂದ ಭಟ್ಕಳದವರೆಗೆ, ಘಟ್ಟದ ಮೇಲೆ ಸಿರ್ಸಿ ಸಿದ್ದಾಪುರದವರೆಗೆ ಪತ್ರ, ವಾಟ್ಸಾಪ್ ಮೆಸೇಜು, ಒಂದಿಬ್ರಂತೂ ಪೇಟೇಲಿ ಸಿಕ್ಕಾಗ ನಿಲ್ಸಿ ಕೇಳಿದ್ದು, ಎಲ್ಲ ಸೇರಿ ಈ ಸಲದ ಜಾಗ ಪೂರ್ತಿ ಇದಕ್ಕೇ ಹೋಯ್ತು ಮಾರಾಯ್ರೆ. ಒಂದೇ ಥರದ ಪತ್ರಗಳನ್ನ ಒಟ್ಟು ಮಾಡಿದ್ದೇನೆ. ಪಹಣಿ ತಿದ್ದುಪಡಿ ಕೇಳಿದವ್ರು ಮುಂದಿನ ಸಲಕ್ಕೆ ಕಾಯ್ಬೇಕು. ಮತ್ತೊಂದು, ಇಲ್ಲಿ ಹೇಳಿರೋ ದರ ತಾರೀಕು ಎಲ್ಲ 2025ರ ಡಿಸೆಂಬರ್ ಹೊತ್ತಿಗೆ ಇದ್ದದ್ದು, ನೀವು ಶೋರೂಮಿಗೆ ಹೋಗೋ ಹೊತ್ತಿಗೆ ಒಂದ್ಸಲ ಕೇಳ್ಕೊಳ್ಳಿ.

ಪ್ರಶ್ನೆ: ನಾನು ಕಾರವಾರದಲ್ಲಿ ಹೈಸ್ಕೂಲ್ ಟೀಚರ್. ಎಲೆಕ್ಟ್ರಿಕ್ ಬೈಕ್ ತಗೊಂಡ್ರೆ ಇನ್‌ಕಮ್ ಟ್ಯಾಕ್ಸಲ್ಲಿ ಒಂದೂವರೆ ಲಕ್ಷ ಉಳಿತದೆ ಅಂತ ಸ್ಟಾಫ್ ರೂಮಲ್ಲಿ ಎಲ್ರೂ ಹೇಳ್ತಾರೆ. ಬೈಕಿನ ರೇಟೇ 1 ಲಕ್ಷ 20 ಸಾವಿರ, ಹಂಗಾದ್ರೆ ಬೈಕ್ ಫ್ರೀ ಸಿಕ್ಕ ಹಾಗೇ ಆಯ್ತಲ್ಲ ಸರ್?

ಟೀಚರೇ, ಸ್ಟಾಫ್ ರೂಮಿನ ಲೆಕ್ಕ ಹಂಗೇ ಇರ್ತದೆ ಬಿಡಿ. ಅವರು ಹೇಳ್ತಿರೋದು ಇನ್‌ಕಮ್ ಟ್ಯಾಕ್ಸ್ ಕಾಯ್ದೆಯ 80ಇಇಬಿ ಅನ್ನೋ ಸೆಕ್ಷನ್ನು. ಅದು ಇದ್ದದ್ದು ನಿಜ, ಆದ್ರೆ ಅದರಲ್ಲಿ ನಾಲ್ಕು ಬಾಗಿಲು ಇದೆ, ನಿಮಗೆ ಮೊದಲ್ನೇ ಬಾಗಿಲೇ ಹಾಕಿದೆ. ಸಾಲ ಮಂಜೂರಾಗಿದ್ದು 2019ರ ಏಪ್ರಿಲ್ 1ರಿಂದ 2023ರ ಮಾರ್ಚ್ 31ರ ಒಳಗೆ ಆಗಿರ್ಬೇಕು. ಈಗ ಹೋಗಿ ಹೊಸ ಸಾಲ ತಗೊಂಡ್ರೆ ಆ ಸೆಕ್ಷನ್ನಲ್ಲಿ ಒಂದು ಪೈಸೆನೂ ಇಲ್ಲ.

ಎರಡನೇದು, ಅದು ಬೈಕಿನ ರೇಟಿಗಲ್ಲ, ಸಾಲದ ಬಡ್ಡಿಗೆ ಮಾತ್ರ. ಒಂದೂವರೆ ಲಕ್ಷ ಅನ್ನೋದು ವರ್ಷಕ್ಕೆ ಬಡ್ಡಿ ತೋರ್ಸೋಕೆ ಇರೋ ಮಿತಿ, ಅದು ಕಾರ್ ತಗೊಳ್ಳೋರನ್ನ ನೋಡಿ ಇಟ್ಟದ್ದು, 1 ಲಕ್ಷದ ಬೈಕ್ ಸಾಲಕ್ಕೆ ಮೊದಲ ವರ್ಷದ ಬಡ್ಡಿ ಹತ್ತು ಸಾವಿರದ ಆಸುಪಾಸು ಬರ್ತದೆ ಅಷ್ಟೇ. ಮೂರನೇದು, ಆ ಹತ್ತು ಸಾವಿರ ಟ್ಯಾಕ್ಸಿಂದ ಕಳೆಯೋದಲ್ಲ, ಆದಾಯದಿಂದ ಕಳೆಯೋದು. ಶೇ 20ರ ಸ್ಲ್ಯಾಬಲ್ಲಿ ಇದ್ದವ್ರಿಗೆ ಸೆಸ್ ಸೇರಿ ಉಳಿಯೋದು 2,080 ರೂಪಾಯಿ. ನಾಲ್ಕನೇದು, ಇದು ಇನ್‌ಕಮ್ ಟ್ಯಾಕ್ಸಿನ ಹಳೇ ಪದ್ಧತಿಯವ್ರಿಗೆ ಮಾತ್ರ, ಹೊಸ ಪದ್ಧತೀಲಿ ಈ ವಿನಾಯ್ತಿ ಇಲ್ಲ. ಮತ್ತೆ 2025-26ಕ್ಕೆ ಹೊಸ ಪದ್ಧತೀಲಿ 12 ಲಕ್ಷದವರೆಗೆ ಆದಾಯ ಇದ್ದವ್ರಿಗೆ ಟ್ಯಾಕ್ಸೇ ಬರೋದಿಲ್ಲ, ಸಂಬಳದವ್ರಿಗೆ ಸ್ಟ್ಯಾಂಡರ್ಡ್ ಡಿಡಕ್ಷನ್ 75 ಸಾವಿರ ಸೇರ್ಸಿ 12 ಲಕ್ಷ 75 ಸಾವಿರದ ತನಕ. ನೀವು ಪತ್ರದಲ್ಲಿ ಬರೆದ ಸಂಬಳ ನೋಡಿದ್ರೆ ನಿಮಗೆ ಕಟ್ಟೋ ಟ್ಯಾಕ್ಸೇ ಇಲ್ಲ, ಇನ್ನು ಉಳ್ಸೋದು ಎಲ್ಲಿಂದ.

ನಿಮ್ಮ ಸ್ಟಾಫ್ ರೂಮಲ್ಲಿ ಯಾರಾದ್ರೂ 2022ರಲ್ಲೋ 2023ರ ಜನವರೀಲೋ ಬ್ಯಾಂಕ್ ಸಾಲ ತಗೊಂಡು ಇನ್ನೂ ಕಂತು ಕಟ್ತಾ ಇದ್ರೆ, ಮತ್ತೆ ಹಳೇ ಪದ್ಧತೀಲೇ ಇದ್ರೆ, ಅವರಿಗೆ ಸಾಲ ತೀರೋ ತನಕ ಬಡ್ಡಿ ತೋರ್ಸೋಕೆ ಅವಕಾಶ ಇದೆ. ಬ್ಯಾಂಕಿಂದ ಬಡ್ಡಿ ಸರ್ಟಿಫಿಕೇಟ್ ತಗೊಳ್ಳೋಕೆ ಹೇಳಿ. ಎಷ್ಟೋ ಜನ ಇದನ್ನ ಕ್ಲೇಮೇ ಮಾಡಿಲ್ಲ, ಸ್ಕೂಟರಿಗೆ ಬರೋದಿಲ್ಲ ಕಾರಿಗೆ ಮಾತ್ರ ಅಂತ ಯಾರೋ ಹೇಳಿದ್ರಂತೆ. ಕಾಯ್ದೇಲಿ ಹಂಗೆ ಎಲ್ಲೂ ಇಲ್ಲ, ಪೂರ್ತಿ ಬ್ಯಾಟರಿ ಮೇಲೆ ಓಡೋ, ಬ್ರೇಕ್ ಹಿಡಿದಾಗ ಚಾರ್ಜ್ ಆಗೋ ವ್ಯವಸ್ಥೆ ಇರೋ ಯಾವ ವಾಹನವಾದ್ರೂ ಸೈ.

ಪ್ರಶ್ನೆ: ಸಿರ್ಸಿ ತಾಲೂಕಿನವ. ಮೂರೆಕ್ರೆ ಅಡಿಕೆ ತೋಟ. ಆನು 2022ರಲ್ಲಿ ಸೊಸೈಟಿ ಸಾಲ ಮಾಡಿ ಕರೆಂಟ್ ಸ್ಕೂಟರ್ ತಗೊಂಡಿದ್ದಿ. ಅದ್ರ ಬಡ್ಡಿಗೆ ಟ್ಯಾಕ್ಸ್ ವಾಪಸ್ ಸಿಗ್ತಡ, ಹೌದಾ?

ಸಿಗ್ತಿಲ್ಲೆ ಭಾವಾ, ಎರಡು ಕಾರಣಕ್ಕೆ ಸಿಗ್ತಿಲ್ಲೆ. ಒಂದು, ಆ ಸೆಕ್ಷನ್ನಿಗೆ ಸಾಲ ಕೊಟ್ಟದ್ದು ಬ್ಯಾಂಕು ಅಥವಾ ಕಾನೂನಲ್ಲಿ ಹೇಳಿದಂಥ ದೊಡ್ಡ ಫೈನಾನ್ಸ್ ಕಂಪನಿ ಆಗಿರ್ಬೇಕು, ಊರಿನ ಸೇವಾ ಸಹಕಾರಿ ಸಂಘ ಅದ್ರಲ್ಲಿ ಬರೋದಿಲ್ಲ. ಎರಡ್ನೇದು ಅದಕ್ಕಿಂತ ಮೇಲಿನದು: ತೋಟದ ಉತ್ಪನ್ನಕ್ಕೆ ಇನ್‌ಕಮ್ ಟ್ಯಾಕ್ಸೇ ಇಲ್ಲ, ನಿಮಗೆ ಬೇರೆ ಆದಾಯನೂ ಇಲ್ಲ ಅಂತ ನೀವೇ ಬರ್ದಿದ್ದೀರಿ. ಕಟ್ಟದೇ ಇದ್ದ ಟ್ಯಾಕ್ಸು ವಾಪಸ್ ಬಾ ಅಂದ್ರೆ ಎಲ್ಲಿಂದ ಬರ್ಬೇಕು ಹೇಳಿ! ಇದಕ್ಕೆ ಯಾರಾದ್ರೂ ಫೈಲ್ ಮಾಡಿ ಕೊಡ್ತೇನೆ, ಎರಡು ಸಾವಿರ ಫೀಸು ಅಂದ್ರೆ ಅವರಿಗೆ ಕವಳ ಕೊಟ್ಟು ಕಳ್ಸಿಬಿಡಿ.

ಪ್ರಶ್ನೆ: ಅಂಕೋಲಾದಿಂದ ಬರೀತಾ ಇದ್ದೇನೆ. ನಮ್ಮ ಅಣ್ಣ 2022ರಲ್ಲಿ ಸ್ಕೂಟರ್ ತಗೊಂಡಾಗ ಬಿಲ್ಲಲ್ಲಿ ಸಬ್ಸಿಡಿ ಅಂತ 40 ಸಾವಿರದ ಮೇಲೆ ಕಡಿಮೆ ಮಾಡಿದ್ರು. ಈಗ ನಾನು ಅದೇ ಥರದ್ದು ಕೇಳಿದ್ರೆ 5 ಸಾವಿರ ಮಾತ್ರ ಅಂತಾರೆ. ಶೋರೂಮಿನವ್ರು ಉಳಿದ ದುಡ್ಡು ನುಂಗ್ತಾ ಇದ್ದಾರಾ?

ಇದೇ ಪ್ರಶ್ನೆ ಹನ್ನೊಂದು ಜನ ಕೇಳಿದ್ದಾರೆ, ಅದಕ್ಕೆ ಸ್ವಲ್ಪ ಉದ್ದ ಹೇಳ್ತೇನೆ. ಈ ಒಂದು ವಿಷಯದಲ್ಲಿ ಶೋರೂಮಿನವ್ರ ತಪ್ಪಿಲ್ಲ. ಮಳೆಗಾಲ ಮುಗಿದ ಮೇಲೆ ಗಂಗಾವಳಿ ನೀರು ಮೆಟ್ಟಿಲು ಮೆಟ್ಟಿಲಾಗಿ ಇಳೀತದಲ್ಲ, ಸಬ್ಸಿಡಿನೂ ಹಂಗೇ ಇಳಿದದ್ದು.

ಶುರುವಾಗಿದ್ದು 2015ರಲ್ಲಿ ಕೇಂದ್ರ ಸರ್ಕಾರದ ಫೇಮ್ ಅನ್ನೋ ಸಬ್ಸಿಡಿ ಯೋಜನೆಯಿಂದ. ಎರಡನೇ ಫೇಮ್ 2019ರ ಏಪ್ರಿಲಲ್ಲಿ ಬಂತು, ಆಗ ಬ್ಯಾಟರಿಯ ಪ್ರತಿ ಕಿಲೋವ್ಯಾಟ್ ಅವರ್‌ಗೆ (ಬ್ಯಾಟರೀಲಿ ಎಷ್ಟು ಕರೆಂಟ್ ಹಿಡೀತದೆ ಅನ್ನೋ ಅಳತೆ, ನಮ್ಮ ಬಿಲ್ಲಿನ ಒಂದು ಯೂನಿಟ್) 10 ಸಾವಿರ, ಗಾಡಿ ರೇಟಿನ ಶೇ 20ರ ಮಿತಿ. ತಗೊಳ್ಳೋರು ಕಡಿಮೆ ಅಂತ 2021ರ ಜೂನಲ್ಲಿ ಅದನ್ನ 15 ಸಾವಿರ ಮಾಡಿ ಮಿತೀನ ಶೇ 40ಕ್ಕೆ ಏರ್ಸಿದ್ರು, ನಿಮ್ಮ ಅಣ್ಣ ತಗೊಂಡಿದ್ದು ಆ ನೆರೆಯ ಕಾಲದಲ್ಲಿ. ಫ್ಯಾಕ್ಟರಿ ರೇಟು 1 ಲಕ್ಷ 20 ಸಾವಿರದ, 3 ಕಿಲೋವ್ಯಾಟ್ ಅವರ್ ಬ್ಯಾಟರಿಯ ಸ್ಕೂಟರ್ ಅಂತ ಇಟ್ಕೊಳ್ಳಿ, ಅದಕ್ಕೆ ಆಗ 45 ಸಾವಿರ. 2023ರ ಜೂನ್ 1ಕ್ಕೆ ಮತ್ತೆ 10 ಸಾವಿರ, ಮಿತಿ ಶೇ 15, ಅಂದ್ರೆ ಅದೇ ಸ್ಕೂಟರಿಗೆ 18 ಸಾವಿರ. 2024ರ ಮಾರ್ಚ್ 31ಕ್ಕೆ ಫೇಮ್ ಮುಗೀತು, ಏಪ್ರಿಲಿಂದ ಸೆಪ್ಟೆಂಬರ್ ತನಕ ಇಎಂಪಿಎಸ್ ಅಂತ ಆರು ತಿಂಗ್ಳ ತಾತ್ಕಾಲಿಕ ಯೋಜನೆ, ಅದ್ರಲ್ಲಿ ಕಿಲೋವ್ಯಾಟ್ ಅವರ್‌ಗೆ 5 ಸಾವಿರ, ಒಂದು ಗಾಡಿಗೆ ಹೆಚ್ಚಂದ್ರೆ 10 ಸಾವಿರ. 2024ರ ಅಕ್ಟೋಬರ್ 1ಕ್ಕೆ ಪಿಎಂ ಇ-ಡ್ರೈವ್ ಬಂತು, ಮೊದಲ ಆರು ತಿಂಗ್ಳು ಅದೇ 10 ಸಾವಿರ, 2025ರ ಏಪ್ರಿಲಿಂದ ಅರ್ಧಕ್ಕರ್ಧ, ಕಿಲೋವ್ಯಾಟ್ ಅವರ್‌ಗೆ 2,500, ಗಾಡಿಗೆ ಹೆಚ್ಚಂದ್ರೆ 5 ಸಾವಿರ.

ಹಾಗಾಗಿ ಈಗ 2 ಕಿಲೋವ್ಯಾಟ್ ಅವರ್ ಬ್ಯಾಟರಿ ಇದ್ರೂ 5 ಸಾವಿರ, 4 ಇದ್ರೂ 5 ಸಾವಿರ. "ದೊಡ್ಡ ಬ್ಯಾಟರಿ ತಗೊಳ್ಳಿ ಸಾರ್, ಸಬ್ಸಿಡಿ ಜಾಸ್ತಿ" ಅಂತ ಸೇಲ್ಸ್ ಹುಡುಗ ಹೇಳಿದ್ರೆ ಅದು ಹಳೇ ಪಾಠ, ಅವನಿಗೆ ಯಾರೂ ಹೊಸ್ದು ಹೇಳ್ಕೊಟ್ಟಿಲ್ಲ. ಪಿಎಂ ಇ-ಡ್ರೈವ್ ಯೋಜನೇನ 2028ರ ಮಾರ್ಚ್ ತನಕ ಮುಂದುವರ್ಸಿದ್ದಾರೆ ಅನ್ನೋ ಸುದ್ದಿ ನೀವು ಓದಿರ್ಬಹುದು, ಆದ್ರೆ ದ್ವಿಚಕ್ರಕ್ಕೆ ಆ ಆದೇಶದಲ್ಲೂ ಕೊನೇ ದಿನ 2026ರ ಮಾರ್ಚ್ 31 ಅಂತಲೇ ಇದೆ, ಉಳಿದ ಕಾಲ ಬಸ್ಸು, ಲಾರಿ, ಚಾರ್ಜಿಂಗ್ ಸ್ಟೇಷನ್ ಅಂಥದ್ದಕ್ಕೆ.

5 ಸಾವಿರಕ್ಕೋಸ್ಕರ ಗಡಿಬಿಡಿ ಮಾಡಿ ಮಾರ್ಚ್ ಕೊನೇ ವಾರ ಶೋರೂಮಿಗೆ ಓಡ್ಬೇಕಾ ಅಂತ ಕೇಳಿದ್ರೆ ನಾನು ಬೇಡ ಅಂತೇನೆ. ಕೊನೇ ವಾರದ ರಶ್ಶಲ್ಲಿ ಅವರು ಕೊಟ್ಟ ಬಣ್ಣ, ಅವರು ಹೇಳಿದ ಆಕ್ಸೆಸರಿ ಪ್ಯಾಕು ಎಲ್ಲ ತಗೊಂಡು ಬರೋದು, 5 ಸಾವಿರ ಉಳ್ಸಿ 7 ಸಾವಿರ ಕಳ್ಕೊಳ್ಳೋದು, ಇದು ನಮ್ಮ ಮನೇಲೇ ಆಗಿದೆ, ಮುಂದೆ ಹೇಳ್ತೇನೆ.

ಪ್ರಶ್ನೆ: ಕುಮಟಾ. ಗಾಡಿ ತಗೊಂಡು ಮೂರು ತಿಂಗ್ಳಾಯ್ತು, ಸಬ್ಸಿಡಿ ಇನ್ನೂ ಅಕೌಂಟಿಗೆ ಬಿದ್ದಿಲ್ಲ. ಯಾವ ಆಫೀಸಿಗೆ ಅರ್ಜಿ ಕೊಡ್ಬೇಕು?

ಯಾವ ಆಫೀಸಿಗೂ ಹೋಗ್ಬೇಡಿ, ಅದು ಗ್ಯಾಸ್ ಸಬ್ಸಿಡಿ ಥರ ಖಾತೆಗೆ ಬರೋದಲ್ಲ. ಬಿಲ್ಲಲ್ಲೇ ಅಷ್ಟು ಕಡಿಮೆ ಮಾಡಿ ಕೊಡ್ತಾರೆ, ಆಮೇಲೆ ಕಂಪನಿಯವ್ರು ಸರ್ಕಾರದಿಂದ ವಸೂಲು ಮಾಡ್ಕೊಳ್ತಾರೆ. ಗಾಡಿ ತಗೊಂಡಾಗ ನಿಮ್ಮ ಆಧಾರ್ ಕೇಳಿ, ಮುಖದ ಫೋಟೋ ತೆಗೆದು, ಮೊಬೈಲಿಗೆ ಒಂದು ಲಿಂಕ್ ಬಂದು, ಆ ಇ-ವೋಚರಿಗೆ ನೀವೂ ಡೀಲರೂ ಸಹಿ ಹಾಕಿದ್ದು ನೆನಪಿದ್ಯಾ? ಅದೇ. ಬಿಲ್ ತೆಗೆದು ನೋಡಿ, "ಪಿಎಂ ಇ-ಡ್ರೈವ್ ಇನ್ಸೆಂಟಿವ್" ಅಂತ ಮೈನಸ್ ಸಾಲು ಇದ್ರೆ ನಿಮಗೆ ಸಿಕ್ಕಾಗಿದೆ. ವೋಚರಿಗೆ ಸಹಿ ಹಾಕ್ಸಿಕೊಂಡು ಬಿಲ್ಲಲ್ಲಿ ಕಡಿಮೆ ಮಾಡಿಲ್ಲ ಅಂದ್ರೆ ಮಾತ್ರ ಅದು ಜಗಳ ಮಾಡೋ ವಿಷಯ, ಆಗ ಬಿಲ್ಲಿನ ಕಾಪಿ ಹಿಡ್ಕೊಂಡೇ ಹೋಗಿ. ಆಧಾರಿಗೆ ಲಿಂಕ್ ಆದ ಮೊಬೈಲ್ ನಂಬರ್ ಬಂದ್ ಆಗಿದ್ರೆ ಗಾಡಿ ಬುಕ್ ಮಾಡೋ ಮುಂಚೆ ಸರಿ ಮಾಡ್ಸಿಕೊಳ್ಳಿ, ಹಳ್ಳಿ ಕಡೆ ಹೆಚ್ಚು ತೊಡಕು ಆಗೋದು ಇದ್ರಲ್ಲೇ.

ಪ್ರಶ್ನೆ: ಗೋಕರ್ಣದಲ್ಲಿ ಬಾಡಿಗೆಗೆ ಬಿಡೋಕೆ ನಾಲ್ಕು ಎಲೆಕ್ಟ್ರಿಕ್ ಸ್ಕೂಟರ್ ತಗೊಳ್ಳೋ ಪ್ಲ್ಯಾನ್ ಇದೆ. ನಾಲ್ಕಕ್ಕೂ ಸಬ್ಸಿಡಿ ಸಿಗ್ತದಾ?

ಒಂದು ಆಧಾರಿಗೆ ಒಂದೇ ಗಾಡಿ. ಉಳಿದ ಮೂರು ಹೆಂಡ್ತಿ, ತಮ್ಮ, ಅತ್ತೆ ಹೆಸರಲ್ಲಿ ಅಂತ ಐಡಿಯಾ ಹಾಕ್ಬೇಡಿ, ಬಾಡಿಗೆಗೆ ಬಿಡೋದಾದ್ರೆ ಅದಕ್ಕೆ ಬೇರೆ ಪರ್ಮಿಶನ್, ಬೇರೆ ನಂಬರ್ ಪ್ಲೇಟು, ಬೇರೆ ಇನ್ಶೂರೆನ್ಸು ಎಲ್ಲ ಇದೆ, ಸ್ವಂತ ಗಾಡೀನ ಓಂ ಬೀಚಿನ ದಾರೀಲಿ ಬಾಡಿಗೆಗೆ ಬಿಟ್ಟು ಏನಾದ್ರೂ ಆದ್ರೆ 5 ಸಾವಿರ ಎಲ್ಲಿಗೂ ಸಾಲೋದಿಲ್ಲ.

ಪ್ರಶ್ನೆ: ಹೊನ್ನಾವರ. ಶೋರೂಮಿನ ಕೊಟೇಶನ್ ಫೋಟೋ ಕಳ್ಸಿದ್ದೇನೆ. ಕರೆಂಟ್ ಗಾಡಿಗೆ ರೋಡ್ ಟ್ಯಾಕ್ಸ್ ಇಲ್ಲ ಅಂತಾರೆ, ಇವರು "ಆರ್‌ಟಿಒ" ಅಂತ 6,500 ಹಾಕಿದ್ದಾರೆ. ಇದು ಸರೀನಾ?

ನಿಮ್ಮ ಫೋಟೋ ನೋಡಿ ನನಗೆ ನಮ್ಮ ಅಳಿಯನ ಬಿಲ್ಲೇ ನೆನಪಾಯ್ತು. 2025ರ ಮಾರ್ಚ್ ಕೊನೇಲಿ, ಸಬ್ಸಿಡಿ ಅರ್ಧ ಆಗ್ತದೆ ಅಂತ ಗೊತ್ತಾಗಿ ಹಡಬಡಿಸಿ ತಗೊಂಡ. ಮನೆಗೆ ತಂದ ಮೇಲೆ ಕವಳ ಹಾಕ್ತಾ ಕೂತು ಬಿಲ್ ನೋಡಿದ್ರೆ ಆರ್‌ಟಿಒ ಚಾರ್ಜ್ ಅಂತ ಒಂದು, ಹ್ಯಾಂಡ್ಲಿಂಗ್ ಅಂತ ಒಂದು, ಸ್ಮಾರ್ಟ್ ಕಿಟ್ ಅಂತ ಒಂದು, ಮೂರೂ ಸೇರಿ ಉಳ್ಸಿದ್ದಕ್ಕಿಂತ ಜಾಸ್ತಿ. ಫೋನ್ ಮಾಡಿ "ಆರ್‌ಟಿಒ ರಸೀದಿ ಕೊಡಿ, ಸರ್ಕಾರಕ್ಕೆ ಎಷ್ಟು ಕಟ್ಟಿದ್ದೀರಿ ನೋಡ್ತೇವೆ" ಅಂತ ಕೇಳಿದ್ದಕ್ಕೆ ಮೊದಲು ಮ್ಯಾನೇಜರ್ ಇಲ್ಲ ಅಂದ್ರು, ಆಮೇಲೆ ಎರಡು ವಾರ ಬಿಟ್ಟು ಒಂದಿಷ್ಟು ವಾಪಸ್ ಕೊಟ್ರು, ಪೂರ್ತಿ ಅಲ್ಲ. ಗಾಡಿ ತಗೊಂಡಾದ ಮೇಲೆ ಕೇಳೋದಕ್ಕೂ ತಗೊಳ್ಳೋ ಮುಂಚೆ ಕೇಳೋದಕ್ಕೂ ಎಷ್ಟು ವ್ಯತ್ಯಾಸ ಅಂತ ಅವತ್ತು ಗೊತ್ತಾಯ್ತು.

ಈಗ ನಿಮ್ಮ ಕೊಟೇಶನ್. ಕರ್ನಾಟಕದಲ್ಲಿ ಎಲೆಕ್ಟ್ರಿಕ್ ದ್ವಿಚಕ್ರಕ್ಕೆ ಲೈಫ್ ಟ್ಯಾಕ್ಸ್ (ಒಂದೇ ಸಲ ಕಟ್ಟೋ ರೋಡ್ ಟ್ಯಾಕ್ಸ್) ವಿನಾಯ್ತಿ ಇದೆ. 2024ರಲ್ಲಿ ತಿದ್ದುಪಡಿ ಮಾಡಿ ಶೇ 10 ತೆರಿಗೆ ಹಾಕಿದ್ದು 25 ಲಕ್ಷ ದಾಟಿದ ಎಲೆಕ್ಟ್ರಿಕ್ ಕಾರುಗಳಿಗೆ, "ಈಗ ಎಲ್ಲದಕ್ಕೂ ಟ್ಯಾಕ್ಸ್ ಬಂದಿದೆ ಸಾರ್" ಅಂತ ಯಾರಾದ್ರೂ ಹೇಳಿದ್ರೆ ಈ ಕಥೇನೇ ತಿರುಚಿ ಹೇಳೋದು. ಇನ್ನು ರಿಜಿಸ್ಟ್ರೇಷನ್ ಫೀ, ಅದನ್ನ ಕೇಂದ್ರ ಸರ್ಕಾರ 2021ರ ಆಗಸ್ಟಲ್ಲೇ ಬ್ಯಾಟರಿ ವಾಹನಗಳಿಗೆ ಮನ್ನಾ ಮಾಡಿದೆ, ಹೊಸ ಆರ್‌ಸಿಗೂ ಮುಂದೆ ನವೀಕರಣಕ್ಕೂ. ಸಾಲ ತಗೊಂಡಿದ್ರೆ ಆರ್‌ಸೀಲಿ ಬ್ಯಾಂಕಿನ ಹೆಸರು ಹಾಕ್ಸೋದಕ್ಕೆ ಸಣ್ಣ ಫೀ ಬರ್ತದೆ, ಕಾರ್ಡಿನದ್ದು ಪೋಸ್ಟಿನದ್ದು ಅಂತ ಚಿಲ್ಲರೆ ಇರ್ತದೆ. 6,500 ಅಂತೂ ಆಗೋ ಮಾತಲ್ಲ. ಹೋಗಿ ಸಮಾಧಾನವಾಗೇ ಕೇಳಿ, "ಇದ್ರಲ್ಲಿ ಸರ್ಕಾರಕ್ಕೆ ಹೋಗೋದು ಎಷ್ಟು, ವಾಹನ್ ಪೋರ್ಟಲಿನ ರಸೀದಿ ಕೊಡ್ತೀರಾ" ಅಂತ. ಅಷ್ಟು ಕೇಳಿದ್ರೆ ಸಾಕು, ಆ ಅಂಕಿ ತನ್ನಷ್ಟಕ್ಕೆ ಸಣ್ಣ ಆಗ್ತದೆ. ಹ್ಯಾಂಡ್ಲಿಂಗ್ ಚಾರ್ಜ್ ಅನ್ನೋದು ಸರ್ಕಾರಕ್ಕೆ ಹೋಗೋ ದುಡ್ಡಲ್ಲ, ಅದನ್ನ ಕೊಡೋದಿಲ್ಲ ಅಂತ ನೇರವಾಗಿ ಹೇಳಿ.

ಇನ್ಶೂರೆನ್ಸ್ ಸಾಲು ನೋಡಿ. ಹೊಸ ದ್ವಿಚಕ್ರಕ್ಕೆ 5 ವರ್ಷದ ಥರ್ಡ್ ಪಾರ್ಟಿ ಕಡ್ಡಾಯ, ಎಲೆಕ್ಟ್ರಿಕ್‌ಗೆ ಆ ಪ್ರೀಮಿಯಮ್ಮಲ್ಲಿ ಶೇ 15 ರಿಯಾಯ್ತಿ ಇದೆ, ಅಲ್ಲಿ ಸಿಸಿ ಬದ್ಲು ಮೋಟಾರಿನ ಕಿಲೋವ್ಯಾಟ್ ನೋಡಿ ದರ ಹಾಕ್ತಾರೆ, 3 ಕಿಲೋವ್ಯಾಟ್ ಒಳಗಿಂದಾದ್ರೆ ಎಲ್ಲಕ್ಕಿಂತ ಕಡಿಮೆ. ಉಳಿದ ಕವರ್ ನೀವು ಎಲ್ಲಿ ಬೇಕಾದ್ರೂ ಮಾಡ್ಸಬಹುದು, ಶೋರೂಮಲ್ಲೇ ಮಾಡ್ಸಬೇಕು ಅಂತ ರೂಲ್ ಇಲ್ಲ. ಮನೇಲಿ ಬೇರೆ ಗಾಡಿ ಇದ್ದು ಮಾಲೀಕರ ಅಪಘಾತ ವಿಮೆ ಆಗ್ಲೇ ನಿಮ್ಮ ಹೆಸರಲ್ಲಿ ಇದ್ರೆ ಅದನ್ನ ಮತ್ತೆ ಕಟ್ಟೋದೂ ಬೇಡ.

ಮತ್ತೆ ಜಿಎಸ್‌ಟಿ. ಎಲೆಕ್ಟ್ರಿಕ್ ಗಾಡಿಗೆ 2019ರ ಆಗಸ್ಟಿಂದ ಶೇ 5. ಪೆಟ್ರೋಲ್ ಬೈಕಿಗೆ 350 ಸಿಸಿ ತನಕ ಶೇ 28 ಇದ್ದದ್ದನ್ನ 2025ರ ಸೆಪ್ಟೆಂಬರ್ 22ಕ್ಕೆ ಶೇ 18ಕ್ಕೆ ಇಳ್ಸಿದ್ರು, ಹಂಗಾಗಿ ಎರಡರ ನಡುವಿನ ಅಂತರ ಮೊದಲಿನಷ್ಟು ಇಲ್ಲ. ಆದ್ರೂ ನಿಜವಾದ ಉಳಿತಾಯ ಯಾವುದು ಗೊತ್ತಾ? ನಮ್ಮ ರಾಜ್ಯದಲ್ಲಿ 1 ಲಕ್ಷ ದಾಟಿದ ಪೆಟ್ರೋಲ್ ಬೈಕಿಗೆ ಲೈಫ್ ಟ್ಯಾಕ್ಸೇ ಶೇ 18, ಮೇಲೆ ಸೆಸ್ಸು. 1 ಲಕ್ಷ 10 ಸಾವಿರದ ಬೈಕಿಗೆ ಬರೀ ಟ್ಯಾಕ್ಸೇ 19,800. ಎಲೆಕ್ಟ್ರಿಕ್ ತಗೊಂಡ್ರೆ ಅದು ಸೊನ್ನೆ. ಎಲ್ರೂ ಆ 5 ಸಾವಿರದ ಸಬ್ಸಿಡಿ ಹಿಂದೆ ಬಿದ್ದಿದ್ದಾರೆ, ಈ 20 ಸಾವಿರದ ಬಗ್ಗೆ ಒಬ್ರೂ ಪತ್ರ ಬರ್ದಿಲ್ಲ. ಅದಕ್ಕೇ ಆ ಸಾಲಲ್ಲಿ ಬೇರೆ ಹೆಸರಿಟ್ಟು 6,500 ತುಂಬ್ಸೋಕೆ ಅವ್ರಿಗೆ ಧೈರ್ಯ ಬರೋದು.

ಪ್ರಶ್ನೆ: ಕಾರವಾರದವ್ರು ನಾವು, ಕಾಳಿ ಸೇತುವೆ ದಾಟಿದ್ರೆ ಗೋವಾ ಹತ್ರ. ಕಾಣಕೋಣದಲ್ಲಿ ಗಾಡಿ ತಗೊಂಡ್ರೆ ಅಗ್ಗ ಆಗ್ತದಾ?

ಪೆಟ್ರೋಲ್ ಹಾಕ್ಸೋಕೆ ಪೋಳೆಗೆ ಹೋಗಿ ಬರೋ ಅಭ್ಯಾಸ ನಮ್ಮವ್ರಿಗೆ ಇದೆ, ಅದೇ ಲೆಕ್ಕ ಇಲ್ಲಿ ಹಾಕ್ಬೇಡಿ. ಕೇಂದ್ರದ ಸಬ್ಸಿಡಿ, ಜಿಎಸ್‌ಟಿ ಎರಡೂ ಎಲ್ಲಿ ತಗೊಂಡ್ರೂ ಒಂದೇ. ಗೋವಾ ರಾಜ್ಯದ್ದು ಏನಿದ್ರೂ ಅದು ಅಲ್ಲಿ ರಿಜಿಸ್ಟರ್ ಆಗೋ ಗಾಡಿಗೆ, ಅದಕ್ಕೆ ಅಲ್ಲಿನ ವಿಳಾಸ ಬೇಕು. ಮೌಶಿ ಮನೆ ವಿಳಾಸ ಕೊಟ್ಟು ಗೋವಾ ನಂಬರ್ ತಗೊಂಡ್ರಿ ಅಂತಾನೇ ಇಟ್ಕೊಳ್ಳಿ, ಬೇರೆ ರಾಜ್ಯದ ಗಾಡಿ ಇಲ್ಲಿ 12 ತಿಂಗ್ಳು ದಾಟಿ ಇಟ್ಕೊಂಡ್ರೆ ಕೆಎ 30 ನಂಬರ್ ಮಾಡ್ಸಲೇಬೇಕು, ಅದಕ್ಕೆ ಎನ್‌ಒಸಿ, ಓಡಾಟ. ಸರ್ವಿಸಿಗೆ ಪ್ರತಿ ಸಲ ಗಡಿ ದಾಟೋದು ಬೇರೆ.

ಇದ್ರ ಜೊತೇಲೇ ನೇವಲ್ ಬೇಸ್ ಕಡೆಯ ಒಬ್ರು ಕೇಳಿದ್ದಾರೆ, ಟ್ರಾನ್ಸ್‌ಫರ್ ಆಗ್ತಾ ಇರ್ತದೆ, ಬಿಎಚ್ ನಂಬರ್ (ರಾಜ್ಯ ಬದ್ಲಾದ್ರೂ ಬದ್ಲಿಸ್ಬೇಕಾಗಿಲ್ಲದ ಭಾರತ್ ಸರಣಿ ನಂಬರ್) ತಗೊಳ್ಳೋದು ಒಳ್ಳೇದಾ ಅಂತ. ಬಿಎಚ್ ನಿಯಮದಲ್ಲಿ ಎಲೆಕ್ಟ್ರಿಕ್‌ಗೆ ರೋಡ್ ಟ್ಯಾಕ್ಸ್ ಶೇ 2 ಕಡಿಮೆ ಅಂತ ಇದೆಯೇ ಹೊರತು ಸೊನ್ನೆ ಅಂತ ಇಲ್ಲ, 10 ಲಕ್ಷದೊಳಗಿನದ್ದಕ್ಕೆ ಶೇ 8ರಲ್ಲಿ ಅದು ಕಳೀತದೆ, ಎರಡೆರಡು ವರ್ಷಕ್ಕೆ ಕಟ್ಟೋದು. ಇಲ್ಲೇ ನಾಲ್ಕೈದು ವರ್ಷ ಇರೋದು ಖಾತ್ರಿ ಇದ್ರೆ ಕೆಎ ನಂಬರೇ ಲಾಭ.

ಪ್ರಶ್ನೆ: ನಮ್ಮ ಭಾವ ಕ್ಯಾಲಿಫೋರ್ನಿಯಾದಲ್ಲಿ ಇದ್ದಾನೆ. ಅಲ್ಲಿ ಎಲೆಕ್ಟ್ರಿಕ್ ಮೋಟಾರ್‌ಸೈಕಲ್ ತಗೊಂಡ್ರೆ ಟ್ಯಾಕ್ಸ್ ಕ್ರೆಡಿಟ್ ಸಿಗ್ತಿತ್ತು, ನಮ್ಮಲ್ಲಿ ಯಾಕಿಲ್ಲ ಅಂತಾನೆ. ಕ್ರೆಡಿಟ್ಟು, ಡಿಡಕ್ಷನ್ನು, ರಿಬೇಟು ಎಲ್ಲ ಒಂದೇ ಅಲ್ವಾ? (ಯಲ್ಲಾಪುರ)

ಒಂದೇ ಅಲ್ಲ, ಅಡಿಕೆ ವಖಾರಿ ಲೆಕ್ಕದಲ್ಲಿ ಹೇಳ್ತೇನೆ, ಯಲ್ಲಾಪುರದವ್ರಿಗೆ ಅರ್ಥ ಆಗ್ತದೆ. ಚೀಲ ತೂಗಿದಾಗ ಗೋಣಿ ತೂಕ ಕಳ್ದು ಆಮೇಲೆ ರೇಟಿಂದ ಗುಣ್ಸ್ತಾರಲ್ಲ, ಅದು ಡಿಡಕ್ಷನ್ನು, ಲೆಕ್ಕಕ್ಕೆ ಮುಂಚೆ ಕಳೆಯೋದು. ಲೆಕ್ಕ ಎಲ್ಲ ಆಗಿ ಇಷ್ಟು ಕೊಡಿ ಅಂತ ಬಂದ ಮೇಲೆ ಆ ಮೊತ್ತದಲ್ಲೇ ಸಾವಿರ ಬಿಟ್ರೆ ಅದು ಕ್ರೆಡಿಟ್ಟು. ವಸ್ತು ತಗೊಳ್ಳುವಾಗ್ಲೇ ಅಥವಾ ತಗೊಂಡ ಮೇಲೆ ಕೈಗೆ ದುಡ್ಡು ಕೊಟ್ರೆ ಅದು ರಿಬೇಟು ಇಲ್ಲಾ ಸಬ್ಸಿಡಿ, ಅದಕ್ಕೂ ನೀವು ಟ್ಯಾಕ್ಸ್ ಕಟ್ಟೋದಕ್ಕೂ ಸಂಬಂಧ ಇಲ್ಲ. ನಮ್ಮ 80ಇಇಬಿ ಗೋಣಿ ಲೆಕ್ಕ, ಅಮೆರಿಕದ್ದು ಎರಡ್ನೇ ಲೆಕ್ಕ.

ನಿಮ್ಮ ಭಾವ ಹೇಳಿದ್ದು ಇದ್ದದ್ದು ಹೌದು. ಅಲ್ಲಿ ಎರಡು ಚಕ್ರದ ಎಲೆಕ್ಟ್ರಿಕ್ ಗಾಡಿಗೆ ರೇಟಿನ ಶೇ 10, ಹೆಚ್ಚಂದ್ರೆ 2,500 ಡಾಲರ್ ಕ್ರೆಡಿಟ್ ಇತ್ತು, ಬ್ಯಾಟರಿ ಕನಿಷ್ಠ 2.5 ಕಿಲೋವ್ಯಾಟ್ ಅವರ್ ಇರ್ಬೇಕು, ಗಂಟೆಗೆ 45 ಮೈಲಿ ಓಡ್ಬೇಕು, 8936 ಅನ್ನೋ ಫಾರಂ ತುಂಬ್ಬೇಕು. ಆದ್ರೆ ಅದು 2021ರ ಕೊನೆಗೇ ಮುಗೀತು. 2022ರಲ್ಲಿ ದೊಡ್ಡ ಕಾಯ್ದೆ ಬಂದಾಗ ಕಾರಿಗೆ ಕೊಟ್ರು, ಬೈಕನ್ನ ಬಿಟ್ರು. ಕ್ಯಾಲಿಫೋರ್ನಿಯಾ ರಾಜ್ಯ ತನ್ನ ಕಡೆಯಿಂದ ಮೋಟಾರ್‌ಸೈಕಲಿಗೆ 750 ಡಾಲರ್ ರಿಬೇಟ್ ಕೊಡ್ತಿತ್ತು, ಅದು 2023ರ ನವೆಂಬರಿಗೆ ಬಂದ್. ಕಾರಿನ 7,500 ಡಾಲರ್ ಕ್ರೆಡಿಟ್ಟೂ 2025ರ ಸೆಪ್ಟೆಂಬರ್ 30ಕ್ಕೆ ಹೋಯ್ತು. ಭಾವ ಈ ಸಲ ರಜಕ್ಕೆ ಬಂದು ಅಲ್ಲಿ ಹಂಗೆ ಇಲ್ಲಿ ಹಿಂಗೆ ಅಂತ ಶುರು ಮಾಡಿದ್ರೆ ಈ ತಾರೀಕು ಹೇಳಿ, ಕಷಾಯ ಕುಡೀತಾ ಸುಮ್ಮನೆ ಕೂತ್ಕೋತಾನೆ.

ಪ್ರಶ್ನೆ: ದಾಂಡೇಲಿ ಹುಡುಗ ನಾನು. ಸ್ಕೂಟರ್ ಬೇಡ, ಬೈಕೇ ಬೇಕು. ಅಲ್ಟ್ರಾವಯೊಲೆಟ್ ಎಫ್77 ಮೇಲೆ ಕಣ್ಣಿದೆ. ಸಬ್ಸಿಡಿ ಎಷ್ಟು?

ಸೊನ್ನೆ ತಮಾ. ಫ್ಯಾಕ್ಟರಿ ರೇಟು ಒಂದೂವರೆ ಲಕ್ಷ ದಾಟಿದ ದ್ವಿಚಕ್ರಕ್ಕೆ ಸಬ್ಸಿಡಿ ಇಲ್ಲ, ಅದು ಬೆಂಗಳೂರಿನದೇ ಗಾಡಿಯಾದ್ರೂ. ಆದ್ರೆ ರೋಡ್ ಟ್ಯಾಕ್ಸ್ ವಿನಾಯ್ತಿ ಅದಕ್ಕೂ ಇದೆ, ಅಷ್ಟು ರೇಟಿನ ಗಾಡಿಗೆ ಅದೇ ದೊಡ್ಡ ಮೊತ್ತ. ಈ ಒಂದೂವರೆ ಲಕ್ಷದ ಗೆರೆ ಹಿಂದೆ ಒಂದು ರಾಮಾಯಣನೇ ಮಾಡಿತ್ತು: ಫೇಮ್ ಕಾಲದಲ್ಲಿ ಕೆಲವು ಕಂಪನಿಯವ್ರು ರೇಟು ಗೆರೆ ಒಳಗೆ ತೋರ್ಸೋಕೆ ಚಾರ್ಜರಿಗೆ ಬೇರೆ ಬಿಲ್ ಮಾಡಿದ್ರು, ಸರ್ಕಾರ ಹಿಡ್ಕೊಂಡ ಮೇಲೆ 2023ರಲ್ಲಿ ಗಿರಾಕಿಗಳಿಗೆ ಚಾರ್ಜರ್ ದುಡ್ಡು ವಾಪಸ್ ಕೊಡೋಕೆ ಒಪ್ಕೊಂಡ್ರು. ಗಂಟೆಗೆ 25 ಕಿಲೋಮೀಟರ್ ದಾಟದ, 250 ವ್ಯಾಟ್ ಮೋಟಾರಿನ ಸಣ್ಣ ಗಾಡಿಗಳೂ ಅಷ್ಟೇ, ಅವಕ್ಕೆ ಲೈಸೆನ್ಸು ನಂಬರ್ರು ಬೇಡ, ಸಬ್ಸಿಡಿನೂ ಇಲ್ಲ. ಅದ್ರಲ್ಲಿ ಅರಬೈಲ್ ಘಟ್ಟ ಹತ್ತೋ ಯೋಚನೆ ಯಾರೂ ಮಾಡ್ಬೇಡಿ.

ಪ್ರಶ್ನೆ: ಭಟ್ಕಳದಲ್ಲಿ ಬಟ್ಟೆ ಅಂಗಡಿ ಇದೆ, ಜಿಎಸ್‌ಟಿ ನಂಬರ್ ಇದೆ. ಅಂಗಡಿ ಹೆಸರಲ್ಲಿ ಗಾಡಿ ತಗೊಂಡ್ರೆ?

ಓಡಾಡೋ ದ್ವಿಚಕ್ರಕ್ಕೆ ಜಿಎಸ್‌ಟಿ ಇನ್‌ಪುಟ್ (ಗಾಡಿಗೆ ಕೊಟ್ಟ ಜಿಎಸ್‌ಟೀನ ಅಂಗಡಿ ಕಟ್ಟೋ ಜಿಎಸ್‌ಟೀಲಿ ಕಳೆಯೋದು) ಸಿಗೋದಿಲ್ಲ. ಆದ್ರೆ ಇನ್‌ಕಮ್ ಟ್ಯಾಕ್ಸಲ್ಲಿ ಸವಕಳಿ (ಗಾಡಿ ಸವೆದದ್ದರ ಖರ್ಚು) ತೋರ್ಸಬಹುದು, ಮಾಮೂಲಿ ಗಾಡಿಗೆ ವರ್ಷಕ್ಕೆ ಶೇ 15, ಎಲೆಕ್ಟ್ರಿಕ್‌ಗೆ ಶೇ 40. ಆ ವರ್ಷ 180 ದಿನಕ್ಕಿಂತ ಕಡಿಮೆ ಓಡ್ಸಿದ್ರೆ ಅರ್ಧ. ನೀವು ವಹಿವಾಟಿನ ಇಷ್ಟು ಪರ್ಸೆಂಟ್ ಲಾಭ ಅಂತ ಅಂದಾಜಿನ ಮೇಲೆ ರಿಟರ್ನ್ ಹಾಕೋರಾದ್ರೆ ಸವಕಳಿ ಬೇರೆ ಸಿಗೋದಿಲ್ಲ, ಅದ್ರಲ್ಲೇ ಸೇರಿರ್ತದೆ.

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ತಗೊಂಡ್ರೆ ಇವೆಲ್ಲ ಸಿಗ್ತದಾ? (ಮುರ್ಡೇಶ್ವರ)

ಸಬ್ಸಿಡಿ ಇಲ್ಲ, ಅದು ಹೊಸ ಗಾಡಿಗೆ ಒಂದೇ ಸಲ. ಡೀಲರ್ ಇಲ್ದೇ ಗಾಡಿ ಬಳಸ್ತಿದ್ದವ್ರಿಂದಲೇ ನೇರವಾಗಿ ತಗೊಂಡ್ರೆ ಜಿಎಸ್‌ಟಿ ಇಲ್ಲ. ಮುಖ್ಯ ಕೇಳ್ಬೇಕಾದ್ದು ಬ್ಯಾಟರಿ ವಾರಂಟಿ ಎಷ್ಟು ಉಳಿದಿದೆ, ಹೊಸ ಮಾಲೀಕರ ಹೆಸರಿಗೆ ಅದು ಬರ್ತದಾ ಅಂತ. ಬಿಡಿಯಾಗಿ ಲಿಥಿಯಂ ಬ್ಯಾಟರಿ ತಗೊಳ್ಳೋಕೆ ಹೋದ್ರೆ ಅದಕ್ಕೆ ಜಿಎಸ್‌ಟಿ ಶೇ 5 ಅಲ್ಲ, ಶೇ 18.

ಪ್ರಶ್ನೆ: ಸಿದ್ದಾಪುರ ತಾಲೂಕು. ನಮಗೆ ಗೃಹಜ್ಯೋತಿ ಇದೆ, ಬಿಲ್ ಸೊನ್ನೆ ಬರ್ತದೆ. ಗಾಡಿ ಮನೇಲೇ ಚಾರ್ಜ್ ಹಾಕಿದ್ರೆ ಅದು ಹೋಗ್ತದೆ ಅಂತ ಅತ್ತೆ ಹೆದ್ರಿಸ್ತಾ ಇದ್ದಾರೆ. ಯಜಮಾನ್ರು ಪೆಟ್ರೋಲಿಗೇ ತಿಂಗ್ಳಿಗೆ 1,800 ಸುರೀತಾ ಇದ್ದಾರೆ.

ಅತ್ತೆ ಹೇಳಿದ್ದು ಪೂರ್ತಿ ಸುಳ್ಳಲ್ಲ ಅಕ್ಕಾ, ಒಳ್ಳೇ ಪ್ರಶ್ನೆ ಇದು. ಗೃಹಜ್ಯೋತಿ 200 ಯೂನಿಟ್ ಅಂತ ಎಲ್ರೂ ಹೇಳಿದ್ರೂ ನಿಮ್ಮ ಮನೆಗೆ ಫ್ರೀ ಇರೋದು 2022-23ರ ನಿಮ್ಮ ಸರಾಸರಿ ಬಳಕೆ, ಅದ್ರ ಮೇಲೆ ಶೇ 10. ತೀರ ಕಡಿಮೆ, 48 ಯೂನಿಟ್ ಒಳಗೆ ಬಳಸೋರಿಗೆ ಶೇ 10ರ ಬದ್ಲು 10 ಯೂನಿಟ್. ನಿಮ್ಮ ಸರಾಸರಿ 70 ಅಂತ ಬರ್ದಿದ್ದೀರಿ, ಅಂದ್ರೆ 77ರ ತನಕ ಫ್ರೀ. ಈಗ 72 ಬರ್ತಿದೆ. ದಿನಾ 30 ಕಿಲೋಮೀಟರ್ ಓಡ್ಸಿದ್ರೆ ತಿಂಗ್ಳಿಗೆ ಹೆಚ್ಚು ಕಡಿಮೆ 30 ಯೂನಿಟ್ ಸೇರ್ತದೆ, ನಮ್ಮ ಏರು ರಸ್ತೇಲಿ ಇನ್ನೊಂದೆರಡು ಜಾಸ್ತಿನೇ ಹಿಡೀರಿ, 104 ಆಯ್ತು. 77ರ ಮೇಲಿನ 27 ಯೂನಿಟ್ಟಿಗೆ ಮಾತ್ರ ಹೆಸ್ಕಾಂ ಬಿಲ್ ಬರ್ತದೆ, ಯೂನಿಟ್ಟಿಗೆ 5 ರೂಪಾಯಿ 80 ಪೈಸೆ, ಮೇಲೆ ಚಿಲ್ಲರೆ ಸರ್ಚಾರ್ಜು. ಇನ್ನೂರು ರೂಪಾಯಿ ಅಂತ ಇಟ್ಕೊಳ್ಳಿ. ಗೃಹಜ್ಯೋತಿ ಹೋಗೋದಿಲ್ಲ, ಸೊನ್ನೆ ಬಿಲ್ ಹೋಗ್ತದೆ. ಒಟ್ಟು ಬಳಕೆ 200 ದಾಟಿದ ತಿಂಗ್ಳು ಮಾತ್ರ ಪೂರ್ತಿ ಬಿಲ್ ಕಟ್ಬೇಕು, ಬೇಸ್ಗೇಲಿ ತೋಟದ ಮನೆ ಪಂಪು ಅದೇ ಮೀಟರಲ್ಲಿ ಓಡ್ಸೋರು ಇದನ್ನ ನೋಡ್ಕೊಳ್ಬೇಕು.

ಅತ್ತೆಗೆ 200 ಮತ್ತು 1,800 ಎರಡೂ ಒಂದೇ ಚೀಟೀಲಿ ಬರ್ದು ತೋರ್ಸಿ. ಆದ್ರೆ ಗಾಡಿ ತರೋ ಮುಂಚೆ ಇಲೆಕ್ಟ್ರಿಶಿಯನ್ ಕರ್ಸಿ ಆ ಪ್ಲಗ್ಗಿನ ಅರ್ಥಿಂಗ್ ನೋಡ್ಸಿ, ಹಳೇ ಮಾಡಿನ ಮನೆಗಳಲ್ಲಿ ಅರ್ಧಕ್ಕರ್ಧ ಕಡೆ ಅರ್ಥಿಂಗ್ ಅನ್ನೋದು ಹೆಸರಿಗೆ ಮಾತ್ರ ಇರ್ತದೆ. ಗುಡುಗು ಶುರುವಾದ ಕೂಡ್ಲೇ ಚಾರ್ಜರ್ ಕಿತ್ತಿಡಿ, ಆಮೇಲೆ ನನಗೆ ಪತ್ರ ಬರೀಬೇಡಿ.